ಹಾಲಿಸ್ ನಿಲ್ಲದೆ ಹೋದ ಮಧ್ಯಾಹ್ನ

ಬ್ರೈಯರ್ ಬೆಂಡ್, ಅರ್ಕಾನ್ಸಾ
ಶನಿವಾರ, 18 ಮಾರ್ಚ್ 1995

ಪ್ರೀತಿಯ ಜೊನೆಟ್ಟಾ,

ನಿನ್ನ ಕಾಗದ ಕ್ರಿಸ್‌ಮಸ್ಸಿಗೆ ಮೊದಲೇ ಬಂದಿತ್ತು. ಉತ್ತರಕ್ಕೆ ಮೂರು ತಿಂಗಳು ಕಾಯಿಸಿದೆ, ಕ್ಷಮಿಸು ಮಗಳೇ. ಎಡಗಣ್ಣಿನ ಪೊರೆ ತೆಗೆಸಿಕೊಂಡೆ, ಆಮೇಲೆ ನದಿ ಉಕ್ಕಿ ಅಂಚೆಯ ರಸ್ತೆ ಎರಡು ವಾರ ನೀರಿನಲ್ಲಿತ್ತು ಎಂದು ಬರೆಯಬಹುದು. ಎರಡೂ ನಿಜವೇ. ಆದರೆ ಪೊರೆ ತೆಗೆದ ಮೇಲೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ, ನೀರು ಇಳಿದೂ ಒಂದು ತಿಂಗಳಾಯಿತು. ಬರೆಯುವ ಧೈರ್ಯ ಬರಲಿಲ್ಲ, ಅಷ್ಟೆ.

ನಿನ್ನ ಅಪ್ಪ ಹಾಲಿಸ್ ವೇದಿಕೆಯ ಮೇಲಿನಿಂದ ನಿನ್ನನ್ನು ನೋಡಿಯೂ ನಿಲ್ಲದೆ ಹೋದ ಎಂಬ ಕಥೆಯನ್ನು ಮೊದಲು ಹೇಳಿದವಳು ನಿನ್ನ ಅತ್ತೆ ಒವೆಲ್ಲಾ. 1989ರ ಜೂನ್ ತಿಂಗಳು, ಹಾಲಿಸ್‌ನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ. ನೀನೂ ಅಲ್ಲೇ ಇದ್ದೆ. ಗೆಣಸಿನ ಸಿಹಿ ಪೈ ಇದ್ದ ತಟ್ಟೆ ಹಿಡಿದು ನಿಂತಿದ್ದೆ.

“ಹೆತ್ತ ಮಗಳು ಎದ್ದು ನಿಂತಿದ್ಳು,” ಅಂದಳು ಒವೆಲ್ಲಾ, ಇಡೀ ಊರಿಗೆ ಕೇಳುವ ಹಾಗೆ. “ನೋಡ್ದ. ಕಣ್ಣಾರೆ ನೋಡ್ದ. ನೋಡಿ ಬೆನ್ನು ತಿರುಗಿಸ್ಕೊಂಡು ಹೋದ. ನನ್ನ ತಮ್ಮನೇ ಆದ್ರೂ ಹೇಳ್ತೀನಿ, ಅವನಿಗೆ ಚಪ್ಪಾಳೆ ಹೊಡೆಯೋರು ಮಾತ್ರ ಮನುಷ್ರು, ಮಿಕ್ಕೋರೆಲ್ಲ ಕುರ್ಚಿ-ಮೇಜು.”

ನೀನು ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದೆ. ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ನಾನು ಆಚೆಯ ಮೇಜಿನಲ್ಲಿ ಕೋಳಿಯ ಮೂಳೆ ಚೀಪುತ್ತಾ ಕೂತಿದ್ದೆ.

ಈಗ ನೀನು ನನ್ನನ್ನೇ ಕೇಳಿದ್ದೀಯ. “ನೀವು ಅವರ ಹಿಂದೆಯೇ ಡ್ರಮ್ ಬಾರಿಸುತ್ತಾ ಕೂತಿದ್ದಿರಿ. ಅವತ್ತು ಅಪ್ಪ ನನ್ನನ್ನು ನೋಡಿದರಾ? ನೋಡಿಯೂ ಹೋದರಾ? ನಿಮ್ಮ ಉತ್ತರ ನೋಡಿಕೊಂಡು, ಮೇ ತಿಂಗಳಲ್ಲಿ ಊರಿಗೆ ಬರುವುದೋ, ಅಪ್ಪನ ಕೆರೆಯ ಮನೆಯ ಬೀಗದ ಕೈ ಬೇಡವೆಂದು ಅತ್ತೆಗೆ ಬರೆಯುವುದೋ ನಿರ್ಧರಿಸುತ್ತೇನೆ.” ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ನಿನಗೆ ಆರು ವರ್ಷವಾಗಿದ್ದಾಗ ನಿನ್ನ ಅಮ್ಮ ನಿನ್ನನ್ನು ಕರೆದುಕೊಂಡು ಟಲ್ಸಾಗೆ ಹೊರಟಳು. ನಿನಗೆ ಗೊತ್ತಿರುವ ಹಾಲಿಸ್ ಟಾರ್ವರ್ ಎಂದರೆ ರೆಕಾರ್ಡಿನ ಹೊದಿಕೆಯ ಮೇಲೆ ನಗುವ ಹಲ್ಲು. ಅವನು ಎಂಥವನು ಎಂದು ತಿಳಿಯದೆ ಅವತ್ತಿನ ಸಂಗತಿ ಅರ್ಥವಾಗುವುದಿಲ್ಲ. ಸ್ವಲ್ಪ ತಾಳಿಕೋ.

ನಾವಿಬ್ಬರೂ ಬೆಳೆದದ್ದು ನದಿಯ ದಿಬ್ಬದ ಕೆಳಗೆ, ಹತ್ತಿ ಹೊಲದ ಕೆಲಸದವರ ಸಾಲುಮನೆಗಳಲ್ಲಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ನೀರಿನ ತೊಟ್ಟಿ, ಒಂದು ಹಂದಿಗೂಡು. ಚಳಿ ತಡೆಯಲೆಂದು ನಿನ್ನ ಅಜ್ಜ ಗೋಡೆಗಳಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿದ್ದ. “ಕಾಗದ ನನ್ನ ದನೀನ ಕುಡಿದುಬಿಡುತ್ತೆ ಕಣೋ,” ಎನ್ನುತ್ತಿದ್ದ ಹಾಲಿಸ್. ಆಗ ಅವನಿಗೆ ಒಂಬತ್ತು ವರ್ಷ. ಬೇಸಿಗೆಯಲ್ಲಿ ತೊಟ್ಟಿಯ ನೀರು ತಳ ಸೇರಿದಾಗ ಅದರೊಳಗೆ ತಲೆ ಹಾಕಿ ಹಾಡುತ್ತಿದ್ದ. ತೊಟ್ಟಿ ಅವನ ದನಿಯನ್ನು ಎರಡರಷ್ಟು ಮಾಡಿ ವಾಪಸು ಕೊಡುತ್ತಿತ್ತು. ನಾನು ಹಂದಿ ಕೊಬ್ಬಿನ ಖಾಲಿ ಡಬ್ಬ ಬಾರಿಸುತ್ತಿದ್ದೆ. ನಮ್ಮ ಮೊದಲ ಕಚೇರಿ ಅದೇ. ಕೇಳಿದ್ದು ಹಂದಿಗಳು. ಅವು ಎದ್ದು ಹೋಗಲಿಲ್ಲ ಎಂದು ಹಾಲಿಸ್ ಸಾಯುವವರೆಗೂ ಹೆಮ್ಮೆಯಿಂದ ಹೇಳುತ್ತಿದ್ದ.

ಅಂದಿನಿಂದ ಅವನಿಗೊಂದು ಅಭ್ಯಾಸ. ಯಾವ ಮನೆಗೆ ಹೋದರೂ ಕೋಣೆ ಕೋಣೆಗೆ ಹೋಗಿ ಒಂದು ಚಪ್ಪಾಳೆ ತಟ್ಟುವುದು, ಕಿವಿಗೊಟ್ಟು ನಿಲ್ಲುವುದು. ಯಾವ ಕೋಣೆ ಚೆನ್ನಾಗಿ ಮರುದನಿ ಕೊಟ್ಟಿತೋ ಅಲ್ಲಿ ಅವನ ಹಾಸಿಗೆ. ನಿದ್ದೆ ಬರುವವರೆಗೆ ಹಾಡಿಕೊಳ್ಳಬೇಕಲ್ಲ.

1957ರಲ್ಲಿ ಅವನ ಹಾಡು ರೇಡಿಯೋದಲ್ಲಿ ಬಂತು. ಆಮೇಲೆ ಐದಾರು ವರ್ಷ ನಾವು ರಸ್ತೆಯ ಮೇಲೆಯೇ. ಊರೂರಿನ ಗೋಡೆಗಳ ಮೇಲೆ ಅವನ ಚಿತ್ರ. ಆದರೆ ಆ ಊರುಗಳ ಹೋಟೆಲಿನಲ್ಲಿ ನಮ್ಮ ಬಣ್ಣದವರಿಗೆ ಮಂಚವಿಲ್ಲ. ಹಾಡು ಮುಗಿಸಿ ನಮ್ಮವರ ಮನೆಗಳಲ್ಲಿ ಮಲಗುತ್ತಿದ್ದೆವು. ಶಾಲೆಯ ಮೇಷ್ಟ್ರು, ಕ್ಷೌರಿಕ, ಪಾದ್ರಿ, ಯಾರು ಬಾಗಿಲು ತೆರೆದರೆ ಅವರು. ಅಲಬಾಮಾದಲ್ಲಿ ಮಿಸೆಸ್ ಪೆಟ್ಟಿಗ್ರೂ ಎಂಬಾಕೆ ಇದ್ದಳು. ಅವಳ ಗಂಡ ಹೆಣಗಳನ್ನು ಸಿಂಗರಿಸಿ ಮಣ್ಣಿಗೆ ಕಳಿಸುವ ಕೆಲಸದವನು. ಮನೆ ದೊಡ್ಡದು, ಹಾಸಿಗೆ ಶುಭ್ರ.

“ಪಕ್ಕದ ರೂಮಲ್ಲಿ ಇಬ್ಬರು ಮಲಗಿದಾರೆ,” ಅಂದಳು ಆಕೆ. “ಅವರು ಗಲಾಟೆ ಮಾಡಲ್ಲ. ನೀವೂ ಮಾಡ್ಬೇಡಿ.”

ಹಾಲಿಸ್ ಎಂದಿನಂತೆ ಕೋಣೆಗಳಲ್ಲೆಲ್ಲ ಚಪ್ಪಾಳೆ ತಟ್ಟಿಕೊಂಡು ಬಂದ. ನನ್ನ ಕಿವಿಯಲ್ಲಿ, “ಕ್ಲೀ, ತೊಂದರೆ ಆಯ್ತಲ್ಲೋ. ಚೆನ್ನಾಗಿ ಕೇಳ್ಸೋದು ಅವರಿಬ್ಬರು ಇರೋ ರೂಮೇ,” ಅಂದ.

“ಹಂಗಾದ್ರೆ ಹೋಗಿ ಮಲಕ್ಕೋ. ಅವರೇನೂ ಬೇಡ ಅನ್ನಲ್ಲ.”

ಹೋಗಿ ಮಲಗಿದ ಕಣಮ್ಮ! ಎರಡು ಪೆಟ್ಟಿಗೆಗಳ ನಡುವೆ ಕಂಬಳಿ ಹಾಸಿಕೊಂಡು, ಅವರಿಗೂ ಸೇರಿಸಿ ಒಂದು ಭಜನೆ ಹಾಡಿ ನಿದ್ದೆ ಹೋದ. ಬೆಳಿಗ್ಗೆ ಮಿಸೆಸ್ ಪೆಟ್ಟಿಗ್ರೂ ಬೈಯುತ್ತಾಳೆಂದು ನಾನು ಹೆದರಿದ್ದೆ. ಆಕೆ ಬಿಸಿ ಬನ್ನಿನ ಮೇಲೆ ಮಾಂಸದ ಸಾರು ಸುರಿಯುತ್ತಾ, “ಅದರಲ್ಲೊಬ್ಬಳು ನನ್ನ ಚಿಕ್ಕಮ್ಮ. ಅವಳಿಗೆ ಹಾಡು ಅಂದ್ರೆ ಪ್ರಾಣ,” ಎಂದು ಕಣ್ಣೊರೆಸಿಕೊಂಡಳು.

ಯಾವ ಮನೆಯಲ್ಲಿ ಮಲಗಿದರೂ ಹೊರಡುವ ಮೊದಲು ಅಡಿಗೆಮನೆಯಲ್ಲಿ ನಿಂತು ಮನೆಯಾಕೆಗೆ ಒಂದು ಹಾಡು ಹಾಡಿಯೇ ಹೊರಡುತ್ತಿದ್ದ. ಹೊತ್ತಾಗಿದೆ, ಮುಂದಿನ ಊರು ದೂರ ಎಂದು ನಾವು ಕೂಗಿದರೂ ಬಿಡುತ್ತಿರಲಿಲ್ಲ. ಟೋಪಿ ತೆಗೆದು, ಒಲೆಯ ಪಕ್ಕ ನಿಂತು, ಸಾವಿರ ಜನರ ಮುಂದೆ ಹಾಡುವಷ್ಟೇ ಬೆವರಿ ಹಾಡುತ್ತಿದ್ದ.

ಇನ್ನೊಂದು ಹೇಳಲೇಬೇಕು. ಕ್ಯಾರೊಲೈನಾ ಕಡೆಯ ಒಂದು ತಂಬಾಕಿನ ಗೋದಾಮು, ಅದೇ ಸಭಾಂಗಣ. ನಡುವೆ ಉದ್ದಕ್ಕೆ ಹಗ್ಗ ಕಟ್ಟಿದ್ದರು. ಆ ಕಡೆ ಬಿಳಿಯರು, ಈ ಕಡೆ ನಾವು. ಹಗ್ಗದ ಪಕ್ಕದಲ್ಲಿ ಪೊಲೀಸರು. ಮೂರನೆಯ ಹಾಡಿಗೆ ಹಾಲಿಸ್ ಮೈಕಿನ ತಂತಿ ಎಳೆದುಕೊಂಡು ಕೆಳಗಿಳಿದ. ಆ ಹಗ್ಗದ ಗುಂಟವೇ, ಒಂದು ಕಾಲು ಆ ಕಡೆ ಒಂದು ಕಾಲು ಈ ಕಡೆ ಹಾಕಿ, ಸೊಂಟ ಕುಣಿಸುತ್ತಾ ಹಿಂದಿನ ಬಾಗಿಲವರೆಗೆ ನಡೆದ. ಜನ ಅವನ ಹಿಂದೆಯೇ ಕುಣಿಯುತ್ತಾ ಬಂದರು. ಅವನು ವೇದಿಕೆಗೆ ಮರಳುವ ಹೊತ್ತಿಗೆ ಹಗ್ಗ ನೆಲದ ಮೇಲಿತ್ತು, ಅದರ ಮೇಲೆ ಎಲ್ಲರ ಕಾಲು. ಯಾರು ಬಿಚ್ಚಿದರೆಂದು ಪೊಲೀಸರಿಗೂ ತಿಳಿಯಲಿಲ್ಲ. ನಾನು ಬಾರಿಸುತ್ತಾ ಅಳುತ್ತಿದ್ದೆ. ಮೂವತ್ತೆರಡು ವರ್ಷ ಆ ಮನುಷ್ಯನ ಬೆನ್ನು ನೋಡಿಕೊಂಡು ಕೂತೆ ಜೊನೆಟ್ಟಾ, ಅದಕ್ಕಿಂತ ಸುಂದರವಾದ ಬೆನ್ನನ್ನು ನಾನು ಕಂಡಿಲ್ಲ. ಅವನ ಅಂಗಿಯಲ್ಲಿ ಬೆವರು ಎಲ್ಲಿಯವರೆಗೆ ಇಳಿಯಿತು ಎನ್ನುವುದರಿಂದಲೇ ಎಷ್ಟನೇ ಹಾಡು ಎಂದು ಹೇಳುತ್ತಿದ್ದೆ.

ಕೈಯಲ್ಲಿ ಕಾಸು ಆಡಿದ ಮೇಲೆ ಅವನು ಮೊದಲು ಕಟ್ಟಿಸಿದ್ದು ನಿನ್ನ ಅಜ್ಜಿಗೆ ಇಟ್ಟಿಗೆಯ ಮನೆ. ಅಜ್ಜಿ ಸುತ್ತ ನೋಡಿ, “ಇಷ್ಟು ಬಾಗಿಲು ದಿನಾ ಯಾರಪ್ಪಾ ಹಾಕೋದು?” ಅಂದಳು. ಅಲ್ಲಿ ಮರುದನಿ ಕೊಟ್ಟಿದ್ದು ಅಡಿಗೆಮನೆ. ಹಾಲಿಸ್ ಅಲ್ಲೇ ಮಂಚ ಹಾಕಿದ.

“ಒಲೆ ಪಕ್ಕ ಮಲಗೋಕೆ ನೀನೇನು ಬೆಕ್ಕೇನೋ?” ಅಂದಳು ನಿನ್ನ ಅಜ್ಜಿ. ಆದರೂ ಅವನು ಊರಲ್ಲಿದ್ದಷ್ಟು ದಿನ ಪಾತ್ರೆಯ ಸದ್ದಾಗದ ಹಾಗೆ ಅಡಿಗೆ ಮಾಡುತ್ತಿದ್ದಳು.

ಆಮೇಲೆ ಮೆಂಫಿಸ್ಸಿನ ದೊಡ್ಡ ಮನೆ. ನೀನು ಹುಟ್ಟಿದ್ದು ಅಲ್ಲಿ. ಗೇಟು, ಈಜುಕೊಳ, ಹದಿನಾಲ್ಕು ಕೋಣೆ. ಅಪ್ಪ ಬಟ್ಟೆ ಒಗೆಯುವ ಕೋಣೆಯಲ್ಲಿ ಮಲಗುತ್ತಿದ್ದದ್ದು ನಿನಗೆ ನೆನಪಿರಬಹುದು. ಅಮ್ಮನ ಜೊತೆ ಜಗಳ ಎಂದು ನೀನು ತಿಳಿದಿದ್ದೆಯಂತೆ. ಜಗಳವಲ್ಲ ಮಗಳೇ, ಆ ಕೋಣೆಯ ನೆಲಗೋಡೆಗಳಿಗೆಲ್ಲ ಹಂಚು ಹಾಕಿದ್ದರು, ದನಿ ಗಂಟೆಯ ಹಾಗೆ ನಿಲ್ಲುತ್ತಿತ್ತು. ಹಾಗೆಂದು ನಿನ್ನ ಅಮ್ಮನ ತಪ್ಪೂ ಇಲ್ಲ. ಹೊರಡುವ ದಿನ ಅರ್ಲೀನ್ ನನ್ನ ಮುಂದೆ ಒಂದು ಮಾತು ಹೇಳಿದಳು. “ನನಗೆ ಗಂಡ ಬೇಕಿತ್ತು ಕ್ಲೀ. ಪಕ್ಕದ ರೂಮಿನ ರೇಡಿಯೋ ಅಲ್ಲ.” ನಿನ್ನ ಗೊಂಬೆಗಳ ಪೆಟ್ಟಿಗೆಯನ್ನು ಕಾರಿಗೆ ಇಟ್ಟುಕೊಟ್ಟೆ.

ನೀವು ಹೋದ ಮೇಲೆ ಕ್ಯಾಲಿಫೋರ್ನಿಯಾದ ಗುಡ್ಡದ ಮೇಲೆ ಗಾಜಿನ ಮನೆ ಕೊಂಡ. ಅವನು ಕೋಣೆ ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿದ. ಒಂದೂ ಉತ್ತರ ಕೊಡಲಿಲ್ಲ. ಆ ವರ್ಷ ಸೋಫಾದ ಮೇಲೆ ಕೂತೇ ನಿದ್ದೆ ಮಾಡಿದ. ಮನೆಗೆ ಮುಂಜಗುಲಿಯೇ ಇರಲಿಲ್ಲ. ಕರೆಯದೆ ಯಾರೂ ಬರುತ್ತಿರಲಿಲ್ಲ, ಬಂದವರು ಊಟದ ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತಿದ್ದರು. “ಈ ಊರಲ್ಲಿ ಯಾರೂ ಪಾತ್ರೆ ಒಳಗೆ ಏನಿದೆ ಅಂತ ಮುಚ್ಚಳ ತೆಗೆದು ನೋಡಲ್ಲ ಕ್ಲೀ,” ಅಂದ. ಅದನ್ನು ಮಾರಿ ಬಸ್ಸು ಕೊಂಡ. ಮುಂದಿನ ಹದಿನೇಳು ವರ್ಷ ಆ ಬಸ್ಸೇ ಅವನ ಮನೆ. ಎಂಜಿನ್ನಿನ ಮೇಲಿನ ಮಂಚ ಅವನದು. ಅವನ ಮಂಚದ ಕೆಳಗಿನದು ನನ್ನದು. ಓಡಿಸುತ್ತಿದ್ದವನು ಜೂನಿಯಸ್. ವರ್ಷಕ್ಕೆ ಇನ್ನೂರು ಊರು. ಬೋಮಂಟಿನಲ್ಲಿ ನೂರಮೂರು ಜ್ವರದಲ್ಲಿ ಹಾಡಿದ. ಕಾನ್ಸಾಸಿನ ಜಾತ್ರೆ ಮೈದಾನದಲ್ಲಿ ಕರೆಂಟು ಹೋದಾಗ ಮೈಕಿಲ್ಲದೆ, ನಾನೊಬ್ಬ ಬಾರಿಸುತ್ತಿದ್ದರೆ, ನಲವತ್ತು ನಿಮಿಷ ಹಾಡಿದ. ಕೊನೆಯ ಸಾಲಿನ ಮುದುಕಿಯೊಬ್ಬಳು ನನಗೂ ಕೇಳಿಸಿತು ಎಂದು ಕೈ ಎತ್ತಿ ತೋರಿಸಿದಳು. ಆಗಲೇ ನಿಲ್ಲಿಸಿದ್ದು.

ನೀನು ಹೈಸ್ಕೂಲು ಮುಗಿಸಿದ ದಿನ ಬರುತ್ತೇನೆಂದು ಮಾತು ಕೊಟ್ಟು ಬರಲಿಲ್ಲವಲ್ಲ, ಅದು ಈ ಕಾಲದಲ್ಲೇ. ಅದು ಅವನ ತಪ್ಪು. ಅದನ್ನು ನಾನು ತೊಳೆಯಲು ಹೋಗುವುದಿಲ್ಲ. ಒಂಬತ್ತು ವರ್ಷ ನೀನು ಅವನ ಜೊತೆ ಮಾತು ಬಿಟ್ಟದ್ದು ನ್ಯಾಯವೇ. ಅವನೂ ನ್ಯಾಯವೆಂದೇ ಹೇಳುತ್ತಿದ್ದ.

ಕೊನೆಯದು ಕೆರೆಯ ಮನೆ. ನದಿ ದಾರಿ ಬದಲಿಸಿ ಬಿಟ್ಟುಹೋದ ಕೊಂಕು ಕೆರೆಯ ದಡದಲ್ಲಿ, ತಗಡಿನ ಸೂರು, ಮೂರು ಕೋಣೆ, ಮುಂದೆ ಅಗಲ ಜಗುಲಿ. 1987ರಲ್ಲಿ ಕಟ್ಟಿಸಿದ. ನಾನು, ಜೂನಿಯಸ್, ಒವೆಲ್ಲಾ ನೋಡಲು ಹೋಗಿದ್ದೆವು. ಹಾಲಿಸ್ ಚಪ್ಪಾಳೆ ತಟ್ಟುತ್ತಾ ಬಂದ. ಮೂಡಣ ದಿಕ್ಕಿನ ಕೋಣೆ ಹೇಗೆ ಉತ್ತರ ಕೊಟ್ಟಿತು ಎಂದರೆ ನಾವು ನಾಲ್ವರೂ ನಕ್ಕುಬಿಟ್ಟೆವು. ಯಾರೋ ಒಳಗಿನಿಂದಲೇ ತಿರುಗಿ ತಟ್ಟಿದ ಹಾಗಿತ್ತು. ಜೂನಿಯಸ್ ಮಂಚ ತರಲು ಹೊರಟ.

“ಅಲ್ಲಿ ಬೇಡ. ಪಡುವಣ ಕೋಣೆಗೆ ಹಾಕು,” ಅಂದ ಹಾಲಿಸ್.

“ಅಲ್ಲಿ ಗೂಟ ಬಡಿದಂಗೆ ಕೇಳ್ಸುತ್ತಲ್ಲೋ!” ಅಂದ ಜೂನಿಯಸ್.

“ಕೇಳ್ಸಲಿ. ಇದು ನನ್ನ ಮಗಳು ಜೋ ರೂಮು.”

ಒವೆಲ್ಲಾ, “ಅವಳು ಬಂದಾಗ ನೋಡ್ಕೊಳ್ಳೋಣ, ಅಲ್ಲೀವರೆಗೂ ನೀನು ಮಲಕ್ಕೋ,” ಅಂದಳು. ಅವನು ಕೇಳಲಿಲ್ಲ. ತನ್ನ ಆಯುಸ್ಸಿನಲ್ಲಿ ಚೆನ್ನಾಗಿ ಮರುದನಿ ಕೊಡುವ ಕೋಣೆಯನ್ನು ಅವನು ಬಿಟ್ಟುಕೊಟ್ಟದ್ದು ಅದೊಂದೇ ಸಲ. ಆ ಮನೆಯ ಬೀಗದ ಕೈಯೇ ಈಗ ಒವೆಲ್ಲಾ ನಿನಗೆ ಕೊಡುತ್ತೇನೆನ್ನುತ್ತಿರುವುದು.

ಈಗ ಆ ಮಧ್ಯಾಹ್ನ.

ಮೇ ಕೊನೆಯ ಭಾನುವಾರ ನಮ್ಮಲ್ಲಿ ಗೋರಿಗಳಿಗೆ ಹೂವಿಡುವ ದಿನ, ದೂರ ಹೋದವರೆಲ್ಲ ಊರಿಗೆ ಬರುತ್ತಾರೆ. ಅದರ ಹಿಂದಿನ ಶನಿವಾರ, 1989ರ ಮೇ 27ರಂದು, ಶಾಲೆಯ ಆಟದ ಹಾಲಿನಲ್ಲಿ ಹಾಲಿಸ್ ಹಾಡಿದ. ತನ್ನ ಊರಿನಲ್ಲಿ ಹಾಡಿ ಹನ್ನೆರಡು ವರ್ಷವಾಗಿತ್ತು. ನೀನು ಬರಬಹುದು ಎಂದು ಯಾರೋ ಒವೆಲ್ಲಾಗೆ ಹೇಳಿದ್ದರು, ಅವಳು ಅವನಿಗೆ ಹೇಳಿದ್ದಳು. ಅವನು ಬೆಳಿಗ್ಗೆ ಮೂರು ಸಲ ಅಂಗಿ ಬದಲಾಯಿಸಿದ.

ನಮ್ಮ ಕೆಲಸದ ಒಂದು ಕಟ್ಟಳೆ ನಿನಗೆ ಗೊತ್ತಿರಬೇಕು. ಬಹಳ ಹಿಂದೆ ಲೂಸಿಯಾನಾದ ಒಂದು ಊರಿನಲ್ಲಿ ಹಾಡು ಮುಗಿದ ಮೇಲೆ ಜನ ನುಗ್ಗಿ, ಪ್ರೀತಿಯಿಂದಲೇ, ಅವನ ಹೆಗಲಿನ ಮೂಳೆ ಮುರಿದರು. ಆಮೇಲೆ ಹಾಲಿಸ್ ತಾನೇ ಒಂದು ಏರ್ಪಾಡು ಮಾಡಿದ. ಕೊನೆಯಲ್ಲಿ ಅವನು ಕರ್ಚೀಫಿನಿಂದ ಮುಖ ಒರೆಸುತ್ತಾನೆ. ಅದು ನನಗೆ ಸನ್ನೆ. ನಾನು ಕೊನೆಯ ಬಡಿತ ಶುರು ಮಾಡುತ್ತೇನೆ. ನನ್ನ ಬಡಿತ ಕೇಳಿದೊಡನೆ ಪಕ್ಕದಲ್ಲಿ ನಿಂತ ಇಬ್ಬರು ಅವನ ತೋಳು ಹಿಡಿದು ಹಿಂಬಾಗಿಲಿಗೆ ಕರೆದೊಯ್ಯುತ್ತಾರೆ, ದೀಪ ಆರುತ್ತದೆ, ಜೂನಿಯಸ್ ಕಾರು ಸ್ಟಾರ್ಟ್ ಮಾಡಿಟ್ಟುಕೊಂಡು ಕಾಯುತ್ತಿರುತ್ತಾನೆ. ಜನ ಕೂಗುತ್ತಿರುವಾಗಲೇ ಕಾರು ಊರಾಚೆ. “ಡ್ರಮ್ ಶುರುವಾದ ಮೇಲೆ ನಾನೇ ನಿಲ್ಲಿ ಅಂದ್ರೂ ನಿಲ್ಲಬೇಡಿ,” ಎಂದು ಆ ಇಬ್ಬರಿಗೆ ಅವನೇ ಹೇಳಿಟ್ಟಿದ್ದ. ಇಪ್ಪತ್ತೈದು ವರ್ಷ ಹಾಗೆಯೇ ನಡೆಯಿತು. ಡ್ರಮ್ಮು ಹೋಗು ಎಂದರೆ ಅವನ ಕಾಲು ಹೋಗುತ್ತಿತ್ತು.

ಅವತ್ತು ಅವನು ಹಾಡಿದ್ದನ್ನು ಹೇಗೆ ಹೇಳಲಿ? ಮಂಡಿ ಸವೆದಿತ್ತು, ವಯಸ್ಸು ಐವತ್ಮೂರು. ಆದರೂ ಅವನ ಜೊತೆ ಹತ್ತಿ ಬಿಡಿಸಿದ್ದ ಮುದುಕಿಯರು ಬೆಂಚಿನ ಮೇಲೆ ಹತ್ತಿ ಕುಣಿದರು. ಮುಂದಿನ ಸಾಲಿನಲ್ಲಿ ಒವೆಲ್ಲಾ, “ಹಾಡೋ ನನ್ನಪ್ಪ! ಇನ್ನೂ ಹಾಡೋ!” ಎಂದು ಟೋಪಿ ಬೀಸುತ್ತಿದ್ದಳು. ಕೊನೆಯಲ್ಲಿ ನಿಧಾನದ ಹಾಡು. ನೀನು ನಡುವಿನ ಹಾದಿಯಲ್ಲಿ ಎದ್ದು ನಿಂತೆ. ಹಳದಿ ಫ್ರಾಕು.

ಅವನು ನಿನ್ನನ್ನು ನೋಡಿದ, ಜೊನೆಟ್ಟಾ. ಅಷ್ಟು ಜನರ ನಡುವೆ ಒಂದೇ ನೋಟಕ್ಕೆ ಗುರುತು ಹಿಡಿದ. ಅವನ ದನಿ ನಿಂತುಹೋಯಿತು. ಕರ್ಚೀಫು ತೆಗೆದ. ಅವನು ಒರೆಸಿಕೊಂಡದ್ದು ಕಣ್ಣೀರು. ಹಿಂದೆ ಕೂತ ನಾನು ಸನ್ನೆ ಎಂದು ತಿಳಿದು ಕೊನೆಯ ಬಡಿತ ಶುರು ಮಾಡಿದೆ. ತೋಳು ಹಿಡಿದರು, ದೀಪ ಆರಿತು. ಅವನು ಬೆನ್ನು ತಿರುಗಿಸಿ ಹೋಗಲಿಲ್ಲ ಮಗಳೇ. ಅವನನ್ನು ಹೊತ್ತುಕೊಂಡು ಹೋದರು.

ಮಿಕ್ಕದ್ದು ಜೂನಿಯಸ್ ಹೇಳಿದ್ದು. ಕಾರಿನಲ್ಲಿ ಹಾಲಿಸ್, “ತಿರುಗಿಸು! ನನ್ನ ಮಗಳು ಬಂದವ್ಳೆ, ತಿರುಗಿಸೋ!” ಎಂದು ಕೂಗಿದನಂತೆ. ಜೂನಿಯಸ್ ಹತ್ತಿ ಗಿರಣಿಯ ಹತ್ತಿರ ಕಾರು ತಿರುಗಿಸಿದ. ಎದುರಿಗೆ ಇಡೀ ಊರಿನ ಕಾರುಗಳು ಬರುತ್ತಿದ್ದವು, ರಸ್ತೆ ತುಂಬಿಹೋಗಿತ್ತು. ಹಾಲಿಸ್ ಇಳಿದು ಓಡಿದ. ಆ ಮಂಡಿಯಲ್ಲಿ, ವೇದಿಕೆಯ ಮಿರುಗುವ ಕೋಟಿನಲ್ಲಿ ಓಡಿದ. ಶಾಲೆಯ ಮೈದಾನದಲ್ಲಿ ಸಿಕ್ಕಿದವರನ್ನೆಲ್ಲ ಹಿಡಿದು ಹಳದಿ ಫ್ರಾಕಿನ ಹುಡುಗಿಯನ್ನು ಕೇಳಿದ. ಹುರಿದ ಜೋಳ ಮಾರುವವಳು, “ಅಳ್ತಾ ಹೋದ್ಲಲ್ಲಪ್ಪ, ಆಗಲೇ,” ಅಂದಳಂತೆ.

ಆಮೇಲೆ ಎರಡು ಸಲ ದಾರಿಯಿಂದ ನಿನಗೆ ಫೋನು ಮಾಡಿದ. ದನಿ ಕೇಳಿದೊಡನೆ ನೀನು ಇಟ್ಟುಬಿಟ್ಟೆ. ನಿನ್ನನ್ನು ದೂರುತ್ತಿಲ್ಲ, ನಿನ್ನ ಜಾಗದಲ್ಲಿ ಯಾರಿದ್ದರೂ ಇಡುತ್ತಿದ್ದರು. “ಫೋನಲ್ಲಿ ಆಗಲ್ಲ ಬಿಡು. ಈ ನಾಲ್ಕು ಊರು ಮುಗಿಸಿ ಟಲ್ಸಾಗೆ ಹೋಗಿ ಅವಳ ಬಾಗಿಲಲ್ಲೇ ಕೂರ್ತೀನಿ,” ಅಂದ. ಎರಡನೇ ಊರು ಮುಗಿಸಿದ ಬೆಳಿಗ್ಗೆ ಮಿಸೌರಿಯ ಒಂದು ಮೋಟೆಲಿನಲ್ಲಿ ಅವನ ಎದೆಬಡಿತ ನಿಂತುಹೋಯಿತು. ಆ ಮಧ್ಯಾಹ್ನಕ್ಕೂ ಆ ಬೆಳಿಗ್ಗೆಗೂ ನಡುವೆ ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನದಲ್ಲಿ ಅವನು ನನ್ನ ಮೇಲೆ ರೇಗಲಿಲ್ಲ. ಒಂದೇ ಒಂದು ಸಲ, ಬಸ್ಸಿನ ಮೆಟ್ಟಿಲ ಮೇಲೆ ಬೂಟು ಬಿಚ್ಚುತ್ತಾ, “ಅವತ್ತು ಸ್ವಲ್ಪ ಬೇಗ ಆಯ್ತು ಕಣೋ, ಕ್ಲೀ,” ಅಂದ.

ಇದೇ ನಿನ್ನ ಪ್ರಶ್ನೆಗೆ ಉತ್ತರ. ನೋಡಿದ. ಹೋಗಲಿಲ್ಲ, ಕಳಿಸಲಾಯಿತು. ವಾಪಸು ಬಂದ. ಈ ಮಾತನ್ನು ಆ ಊಟದ ಮನೆಯಲ್ಲೇ ಹೇಳಬೇಕಿತ್ತು. ಜೂನಿಯಸ್ ನನ್ನ ಮುಖ ನೋಡಿಕೊಂಡು ಸುಮ್ಮನಿದ್ದ. ನಾನು ತಟ್ಟೆ ನೋಡಿಕೊಂಡು ಸುಮ್ಮನಿದ್ದೆ. ಆರು ವರ್ಷ ಇಡೀ ಊರು ಅವನನ್ನು ಕಲ್ಲೆದೆಯವನು ಎನ್ನುತ್ತಿದೆ.

ಮೇ ತಿಂಗಳಿಗೆ ಬಾ. ಮೂಡಣ ಕೋಣೆಯ ಕಿಟಕಿಗೆ ನಾನೇ ಹೊಸ ಜಾಲರಿ ಹಾಕಿದ್ದೇನೆ, ಸೊಳ್ಳೆ ಬರುವುದಿಲ್ಲ. ನಿನ್ನ ಶಾಲೆಯ ಮಕ್ಕಳು, ನಿನ್ನ ಮನೆ, ನಿನ್ನ ಕೈಯ ಕೆಲಸ ಎಲ್ಲವನ್ನೂ ದೇವರು ಕಾಯಲಿ. ನೀನು ಎಲ್ಲಿದ್ದರೂ ನಿನ್ನ ಬಾಗಿಲಿಗೆ ನಗುವವರೇ ಬರಲಿ.

ನಿನ್ನ
ಕ್ಲೀ ಮಾಮ
(ಕ್ಲಿಯೋಥಾ ಮೇಸ್)

ಮರೆತ ಮಾತು, ಭಾನುವಾರ, 19ನೇ ತಾರೀಖು:

ಮರೆತದ್ದೇನೂ ಅಲ್ಲ. ನಿನ್ನೆ ಸಂಜೆ ಒವೆಲ್ಲಾ, ಜೂನಿಯಸ್ ಇಬ್ಬರನ್ನೂ ನನ್ನ ಜಗುಲಿಗೆ ಕರೆದು ಮೇಲಿನ ಕಾಗದವನ್ನು ಓದಿ ಹೇಳಿದೆ. ಅವಳ ಹೆಸರೂ ಅದರಲ್ಲಿದೆಯಲ್ಲ. ಒವೆಲ್ಲಾ ಕೊನೆಯವರೆಗೆ ಕೈಕಟ್ಟಿ ಕೇಳಿದಳು. ನಾನು ಕನ್ನಡಕ ತೆಗೆದಾಗ, “ಅಷ್ಟೇನಾ?” ಅಂದಳು.

“ಅಷ್ಟೆ.”

“ಕ್ಲೀ, ನಾನು ಮುಂದಿನ ಸಾಲಲ್ಲಿ ಕೂತಿದ್ದೆ. ಮೂವತ್ತೆರಡು ವರ್ಷದಲ್ಲಿ ನೀನು ಒಂದು ಏಟು ತಪ್ಪಿದ್ದು ನಾನು ನೋಡಿಲ್ಲ.”

ಆಗ ಹೇಳಿದೆ. ಅವರಿಗೆ ಹೇಳಿದ್ದನ್ನೇ ನಿನಗೆ ಬರೆಯುತ್ತೇನೆ. ಸನ್ನೆಗೆ ಎರಡು ಭಾಗವಿತ್ತು. ಮೊದಲು ಮೈಕನ್ನು ಕಂಬಕ್ಕೆ ಸಿಕ್ಕಿಸಬೇಕು, ಆಮೇಲೆ ಕರ್ಚೀಫು. ಅವತ್ತು ಮೈಕು ಅವನ ಕೈಯಲ್ಲೇ ಇತ್ತು. ನಾನು ಅದನ್ನು ನೋಡಿದೆ. ನೀನು ಎದ್ದು ನಿಂತದ್ದನ್ನೂ ನೋಡಿದೆ. ನೀನು ಯಾರೆಂದು ನನಗೂ ಗೊತ್ತಾಯಿತು, ನಿನಗೆ ನಿನ್ನ ಅಜ್ಜಿಯ ಹಣೆ. ಆ ವಾರದ ಮೊದಲಲ್ಲೇ ಹಾಲಿಸ್ ನನಗೆ ಹೇಳಿದ್ದ. “ಜೋ ನನ್ನ ಹತ್ರ ಒಂದು ಮಾತಾಡಿದ್ರೆ ಸಾಕು ಕ್ಲೀ, ಅವತ್ತೇ ಬಸ್ಸು ನಿಲ್ಲಿಸ್ತೀನಿ. ಕೆರೆ ಮನೇಲಿ ಕೂತು ಮೀನು ಹಿಡೀತೀನಿ.” ಅವನಿಗೆ ಮನೆಗಳಿದ್ದವು, ಅಕ್ಕ ಇದ್ದಳು, ನೀನಿದ್ದೆ. ನನಗೆ ಇದ್ದದ್ದು ಡ್ರಮ್ಮಿನ ಹಿಂದಿನ ಮೂರು ಕಾಲಿನ ಸ್ಟೂಲು. ಐವತ್ತು ದಾಟಿದವನು ಅದರಿಂದ ಇಳಿದು ಎಲ್ಲಿಗೆ ಹೋಗಲಿ ಎಂದು ಭಯವಾಯಿತು. ಅವನು ಮೈಕನ್ನು ಬಾಯಿಗೆ ತಂದ. “ಜೊ” ಎಂಬಷ್ಟು ಹೊರಗೆ ಬಂತು. ಅದು ನಿನಗೆ ಕೇಳಿಸಿರಲಾರದು. ಅದರ ಮೇಲೆ ನಾನು ಬಾರಿಸಿದೆ.

ಬಾರಿಸುವವನು ಬೇಕಾದಾಗ ನಿಲ್ಲಿಸಬಹುದು, ಜೊನೆಟ್ಟಾ. ನಾನು ನಿಲ್ಲಿಸಲಿಲ್ಲ.

ಒವೆಲ್ಲಾ ಎದ್ದು ಹೋದಳು. ಜೂನಿಯಸ್ ನನ್ನ ಭುಜ ಮುಟ್ಟಲು ಕೈ ಎತ್ತಿ, ಮುಟ್ಟದೆ ಹಿಂದೆಯೇ ಹೋದ.

ಇವತ್ತು ಬೆಳಿಗ್ಗೆ ಚರ್ಚಿಗೆ ಹೋಗುವ ದಾರಿಯಲ್ಲಿ ಗೋರಿಗಳ ಕಡೆ ಅವರಿಬ್ಬರೂ ಕಂಡರು. ಹಾಲಿಸ್ ಸತ್ತ ಮೇಲೆ ಈ ಆರು ವರ್ಷ ಒವೆಲ್ಲಾ ಅಪ್ಪ, ಅಮ್ಮ, ಚಿಕ್ಕಪ್ಪಂದಿರ ಗೋರಿಗಳನ್ನೆಲ್ಲ ಶುಚಿ ಮಾಡುತ್ತಿದ್ದಳು, ತಮ್ಮನದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಇವತ್ತು ಭಾನುವಾರದ ಬಿಳಿ ಉಡುಪಿನಲ್ಲಿ, ಟೋಪಿಯನ್ನು ಕಲ್ಲಿನ ಮೇಲಿಟ್ಟು, ಮಂಡಿಯೂರಿ ಹುಲ್ಲು ಕೀಳುತ್ತಿದ್ದಳು. ಜೂನಿಯಸ್ ಗುದ್ದಲಿಯಲ್ಲಿ ಅಂಚು ಕಡಿಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಬಗ್ಗಿದೆ.

“ನೀನು ಮುಟ್ಟಬೇಡ,” ಅಂದಳು, ತಲೆ ಎತ್ತದೆ.

ನಿಂತುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಮಂಡಿಯ ಮಣ್ಣು ಕೊಡವಿದಳು. ತಲೆಯ ಕಡೆ ಒಂದು ಮೊಳದಷ್ಟು ಹುಲ್ಲು ಹಾಗೆಯೇ ಉಳಿದಿತ್ತು. ಜೂನಿಯಸ್ ಗುದ್ದಲಿ ಅತ್ತ ತಂದ.

“ಅದನ್ನ ಬಿಡು,” ಅಂದಳು ಒವೆಲ್ಲಾ. “ಅದು ಜೋಗೆ. ಬಂದು ಅವಳೇ ಕೀಳ್ಲಿ.”

ಟೋಪಿ ಹಾಕಿಕೊಂಡು ಚರ್ಚಿಗೆ ನಡೆದಳು.